ಬಾನೆಟ್ ಕೆಳಗೆ ಅಂಬಾಸಿಡರ್!

ಪಕ್ಕದ ಮನೆಯ ನಿವೃತ್ತ ಮೇಷ್ಟರು ಬಾನೆಟ್ ಎತ್ತಿದರು. ನಾನು ಬಗ್ಗಿ ನೋಡಿದವನೇ ಕೂಗಿಬಿಟ್ಟೆ: "ಅಯ್ಯೋ, ಇದು ಅಂಬಾಸಿಡರ್ ಎಂಜಿನ್!"

ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನ ಒಂದು ಪುಟ್ಟ ಗ್ಯಾರೇಜು. ಎದುರಿಗೆ 1956ರ ಎಂಜಿಎ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಕಡುಗೆಂಪು ಬಣ್ಣ, ಮೂಗಿನಿಂದ ಬಾಲದವರೆಗೆ ಒಂದೇ ಅಲೆ ಏರಿ ಇಳಿದಂಥ ಮೈ. ಇಂಥದ್ದರ ಹೊಟ್ಟೆಯೊಳಗೆ ರೇಸಿಗೆಂದೇ ಹುಟ್ಟಿದ ಯಾವುದೋ ದೈತ್ಯ ಎಂಜಿನ್ ಇದ್ದೀತು ಅಂದುಕೊಂಡಿದ್ದೆ. ಇದ್ದದ್ದು ನನ್ನ ಬಾಲ್ಯ! ಎರಡೇ ನಟ್ಟಿನಲ್ಲಿ ಕೂತ ಅದೇ ರಾಕರ್ ಕವರ್. ಈ ಪಕ್ಕ ಡಿಸ್ಟ್ರಿಬ್ಯೂಟರ್, ಆ ಪಕ್ಕ ಕಾರ್ಬೊರೇಟರ್. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಸಿ ಹತ್ತಿಸುತ್ತಿದ್ದ ಚಿಕ್ಕಪ್ಪನ ಟ್ಯಾಕ್ಸಿಗೆ ಎಷ್ಟು ರಾತ್ರಿ ಟಾರ್ಚ್ ಹಿಡಿದು ನಿಂತಿಲ್ಲ ನಾನು? ಕೈ ನಡುಗಿ ಬೆಳಕು ಅಲುಗಿದರೆ ಬೈಗುಳ ಗ್ಯಾರಂಟಿ. ಈ ಎಂಜಿನ್ನಿನ ಗುರುತು ಸಿಗದೇ ಇರುತ್ತದೆಯೇ!

ಮೇಷ್ಟರು ನಂಬಲಿಲ್ಲ. ಇಬ್ಬರೂ ಪುಸ್ತಕ ತೆಗೆದು ಕೂತೆವು. ಆಸ್ಟಿನ್, ಮೋರಿಸ್ ಎರಡೂ 1952ರಲ್ಲಿ ಒಂದಾಗಿ ಬಿಎಂಸಿ ಕಂಪನಿ ಆಯಿತು. ಅದರ ಬಿ-ಸರಣಿಯ 1489 ಸಿಸಿ ಎಂಜಿನ್ನನ್ನೇ 1955ರಲ್ಲಿ ಬಂದ ಎಂಜಿಎಗೆ ಹಾಕಿದರು. ಮೋರಿಸ್ ಆಕ್ಸ್‌ಫರ್ಡ್ ಕಾರನ್ನು ಪಡೆದು ಅಂಬಾಸಿಡರ್ ಎಂದು ಕರೆದ ನಮ್ಮವರು 1959ರಲ್ಲಿ ಕೂರಿಸಿದ್ದೂ ಅದೇ 1489 ಸಿಸಿ! ನಮ್ಮದು 55 ಅಶ್ವಶಕ್ತಿ, ಇವರದು ಶುರುವಿಗೆ 68, ಆಮೇಲೆ 72. ಎಂಜಿಎಯ ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಕೂಡ ಸಂಸಾರಸ್ಥ ಕಾರುಗಳ ಬಂಧುಗಳೇ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಮಂತ್ರಿಗಳನ್ನೂ ಮದುವೆ ದಿಬ್ಬಣವನ್ನೂ ಹೊತ್ತು ತಿರುಗಿದ, ಇನ್ನೊಬ್ಬ ತಲೆಗೂದಲು ಹಾರಿಸಿಕೊಂಡು ಕ್ಯಾಲಿಫೋರ್ನಿಯಾದ ಕಡಲದಂಡೆಯಲ್ಲಿ ಮೆರೆದ! ಒಂದು ಲಕ್ಷಕ್ಕೂ ಹೆಚ್ಚು ಎಂಜಿಎಗಳು ತಯಾರಾದವು, ಬಹುಪಾಲು ಹಡಗೇರಿ ಹೊರದೇಶಕ್ಕೆ ಹೋದವು.

ಹಾಗೆ ಹೋದದ್ದೆಲ್ಲ ಈ ಊರಿಂದಲೇ. ಎಂಜಿ ಅಂದರೆ ಮೋರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನ ಒಂದು ಕಾರು ಅಂಗಡಿ. ಅದರ ಮ್ಯಾನೇಜರ್ ಸೆಸಿಲ್ ಕಿಂಬರ್ ಸಾದಾ ಮೋರಿಸ್ ಕಾರುಗಳಿಗೆ ಚುರುಕು ಮೈ ತೊಡಿಸುತ್ತ ತೊಡಿಸುತ್ತ ಹೊಸ ಕಾರನ್ನೇ ಹುಟ್ಟಿಸಿಬಿಟ್ಟ. 1929ರಲ್ಲಿ ಅಬಿಂಗ್ಡನ್ನಿಗೆ ಬಂದ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಈಗ ಭಾರತದ ರಸ್ತೆಗಳಲ್ಲಿ ಓಡುವ ಎಂಜಿ ಹೆಕ್ಟರ್ ಕಾರಿನ ಮೇಲಿರುವ ಎಂಟು ಮೂಲೆಯ ಲಾಂಛನ ಅಲ್ಲಿಂದಲೇ ಬಂದದ್ದು. ಕಾರು ಮಾತ್ರ ಆ ವಂಶದ್ದಲ್ಲ ಬಿಡಿ.

ಕಾರಿನೊಳಗೆ ಇನ್ನೂ ಸೋಜಿಗ. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ! ಒಳಗೆ ಕೈಹಾಕಿ ಹಗ್ಗ ಎಳೆಯಬೇಕು. ಕಾಲಡಿಯ ನೆಲ ಪ್ಲೈವುಡ್ಡಿನದು, ಹೌದು, ಮರದ ಹಲಗೆ. ಸೀಟಿನ ಹಿಂದೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳನ್ನು ಜೋಡಿಸಿ ಹನ್ನೆರಡು ಮಾಡಿದ್ದಾರೆ. ಮೇಷ್ಟರು ಹನ್ನೊಂದು ವರ್ಷ ಇದರ ತುಕ್ಕಿನೊಂದಿಗೆ ಗುದ್ದಾಡಿದ್ದಾರೆ. ಬಾಗಿಲ ಕೆಳಗಿನ ತಗಡು ಸ್ಕ್ರೂಡ್ರೈವರ್ ತಾಗಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತಂತೆ. ಈಗ ಅಲ್ಲಿ ಹೊಸ ತಗಡು. ವೆಲ್ಡಿಂಗ್ ಗೆರೆ ಎಲ್ಲಿದೆಯೆಂದು ಬೆರಳಾಡಿಸಿ ಹುಡುಕಿದೆ, ಸಿಗಲಿಲ್ಲ.

ಆದರೆ ನಾನು ಮೈಮರೆತದ್ದು ಕಾರ್ಬೊರೇಟರ್ ಮುಂದೆ. ಅಂಬಾಸಿಡರಿಗೆ ಒಂದು ಎಸ್‌ಯು, ಇದಕ್ಕೆ ಎರಡು. ಸ್ಕಿನ್ನರ್ಸ್ ಯೂನಿಯನ್ ಎಂಬುದರ ಮೊದಲ ಅಕ್ಷರಗಳೇ ಎಸ್‌ಯು. ಸ್ಕಿನ್ನರ್ ಮನೆತನದ್ದು ಪಾದರಕ್ಷೆ ವ್ಯಾಪಾರ, ಹಾಗಾಗಿ ಅವರ ಮೊದಮೊದಲ ಕಾರ್ಬೊರೇಟರಿನೊಳಗೆ ಇದ್ದದ್ದು ಚರ್ಮದ ತಿದಿ! ಆಮೇಲೆ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಎಂಜಿನ್ ಉಸಿರೆಳೆದಷ್ಟೂ ಪಿಸ್ಟನ್ ಮೇಲೇರುತ್ತದೆ, ಅದಕ್ಕೆ ನೇತುಬಿದ್ದ ಚೂಪು ಸೂಜಿ ಜೆಟ್ಟಿನಿಂದ ಅಷ್ಟಷ್ಟೇ ಮೇಲೆದ್ದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಪಿಸ್ಟನ್ ದಡಬಡಿಸದಿರಲು ನೆತ್ತಿಯಲ್ಲಿ ಒಂದಿಷ್ಟು ಎಣ್ಣೆ. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಗಾಳಿ ಎಳೆದಂತೆ ಸೂಜಿ ಕುಣಿಯುತ್ತದೆ, ಅಷ್ಟೆ!

ಎರಡನ್ನೂ ಸಮ ಮಾಡುವುದು ಹೇಗೆ? ಮೇಷ್ಟರು ಏರ್‌ಫಿಲ್ಟರ್ ಬಿಚ್ಚಿ, ಎರಡರ ನಡುವಿನ ಕೊಂಡಿ ಸಡಿಲಿಸಿ, ಒಂದು ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡರು. ಇನ್ನೊಂದು ತುದಿಯನ್ನು ಮುಂದಿನದರ ಬಾಯಿಗೆ ಹಿಡಿದರು, ಆಮೇಲೆ ಹಿಂದಿನದಕ್ಕೆ. ಪೈಪು ನನಗೂ ಕೊಟ್ಟರು. ಒಂದರಲ್ಲಿ ಸುಯ್ಯೆನ್ನುವ ಸದ್ದು ಸಣ್ಣದು, ಇನ್ನೊಂದರಲ್ಲಿ ಗಡುಸು. ಸ್ಕ್ರೂ ಕೂದಲೆಳೆಯಷ್ಟು ತಿರುಗಿತು. ಮತ್ತೆ ಕೇಳಿದೆ. ತಂಬೂರಿಯ ಎರಡು ತಂತಿ ಒಂದಾಗುವ ಹಾಗೆ ಸದ್ದು ಕೂಡಿಬಂತು! ಆಮೇಲೆ ಪಕ್ಕದ ಪುಟ್ಟ ಪಿನ್ನನ್ನು ಬೆರಳಿನಿಂದ ತುಸುವೇ ಎತ್ತಿದರು. ಎಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ, ತತ್ತರಿಸಿದರೆ ಕಮ್ಮಿ. ಒಂದು ಕ್ಷಣ ಏರಿ ಮೊದಲಿನಂತಾದರೆ ಸರಿ. ಏರಿತು, ಮೊದಲಿನಂತಾಯಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಒಂದು ಸುತ್ತು ಕರೆದುಕೊಂಡು ಹೋದರು. ಕೈ ಇಳಿಬಿಟ್ಟರೆ ರಸ್ತೆಗೇ ತಾಗೀತೆನ್ನುವಷ್ಟು ಕೆಳಗೆ ಕೂತಿದ್ದೇವೆ. ಮುಖಕ್ಕೆ ಹಸಿಹುಲ್ಲಿನ ವಾಸನೆ, ಕಾಲಿಗೆ ಎಂಜಿನ್ನಿನ ಬಿಸಿ. ಅಂಗೈಯಲ್ಲಿ ಹಿಡಿಯಬಹುದಾದ ಗೇರ್ ಲಿವರ್ ಟಕ್ಕೆಂದು ಬೀಳುತ್ತದೆ. ಅಂಬಾಸಿಡರಿನ ಸ್ಟಿಯರಿಂಗ್ ಪಕ್ಕದ ಗೇರಿಗೆ ಇದ್ದ ಹಗ್ಗಜಗ್ಗಾಟ ಎಲ್ಲಿ, ಇದೆಲ್ಲಿ! ಐವತ್ತು ಕಿ.ಮೀ. ವೇಗವೂ ನೂರರಂತೆ ಅನ್ನಿಸುತ್ತದೆ. ಇವತ್ತಿನ ಸ್ವಿಫ್ಟಿಗೆ ಇದಕ್ಕಿಂತ ಹೆಚ್ಚು ಶಕ್ತಿಯಿದೆ, ಗೊತ್ತು. ಆದರೆ ಸ್ವಿಫ್ಟಿನಲ್ಲಿ ನಾನು ಯಾವತ್ತೂ ಸುಮ್ಮಸುಮ್ಮನೆ ನಕ್ಕಿಲ್ಲ.

ವಾಪಸು ಬಂದವನು ತಡೆಯಲಾರದೆ ಹಾಸನಕ್ಕೆ ವಿಡಿಯೋ ಕಾಲ್ ಮಾಡಿ ಫೋನನ್ನು ಬಾನೆಟ್ ಕೆಳಗೆ ಹಿಡಿದೆ. ಚಿಕ್ಕಪ್ಪ ಪರದೆ ನೋಡಲೇ ಇಲ್ಲ, ಫೋನನ್ನು ಕಿವಿಗಿಟ್ಟುಕೊಂಡರು.

"ಟ್ಯಾಪೆಟ್ ಹೊಡೀತಿದೆ ಕಣೋ. ಹಿಂದಿಂದು, ಕೊನೇದು."

ಮೇಷ್ಟರಿಗೆ ಹೇಳಿದೆ. ಹುಬ್ಬೇರಿಸಿ ಸ್ಪ್ಯಾನರಿಗೆ ಕೈ ಚಾಚಿದರು. ಇಗ್ನಿಷನ್ ಕೀಗೆ ಕೈ ಹೋಗುವಷ್ಟರಲ್ಲಿ ಫೋನಿನೊಳಗಿಂದ ಕೂಗು: "ಲೋ, ಬಂದ್ ಮಾಡ್ಬೇಡ ಅನ್ನೋ ಅವ್ರಿಗೆ! ಇನ್ನೊಂದ್ ಸಲ ರೇಸ್ ಕೊಡಕ್ ಹೇಳು, ಕೇಳ್ತೀನಿ."