ಮೆಚ್ಚಿನ ಧ್ವನಿಸುರುಳಿಗಳಿಗೆ ಒಂದು ಕಪಾಟು

ಡಿಸೆಂಬರ್ ತಿಂಗಳು ಪಟ್ಟಿಗಳ ಸುಗ್ಗಿಯ ಕಾಲ. ವರ್ಷದ ಹತ್ತು ಪುಸ್ತಕಗಳು, ಹತ್ತು ಚಿತ್ರಗಳು, ಹತ್ತು ಹಾಡುಗಳು ಎಂದು ಪತ್ರಿಕೆಗಳು ಲೆಕ್ಕ ಒಪ್ಪಿಸುತ್ತವೆ. ಮೂರು ದಶಕಗಳನ್ನು ಸರ್ಕಾರಿ ಸೇವೆಯಲ್ಲಿ ಕಳೆದ ನನಗೆ ಮಾರ್ಚ್ 31ರ ಲೆಕ್ಕದಷ್ಟೇ ಡಿಸೆಂಬರ್ 31ರ ಈ ಲೆಕ್ಕವೂ ಅಭ್ಯಾಸವಾಗಿದೆ. ಆಯಾ ವರ್ಷ ಕೇಳಿದ ಧ್ವನಿಸುರುಳಿಗಳಲ್ಲಿ ಮನಸ್ಸಿಗೆ ಹಿಡಿಸಿದ ಐದರ ಹೆಸರನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು, ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಆರಂಭವಾದ ರೂಢಿ. ಆ ಪಟ್ಟಿ ಈಗಲೂ ಬೆಳೆಯುತ್ತಿದೆ. ಆದರೆ ಅದರಲ್ಲಿ ಹೆಸರಿಸಿದ ಧ್ವನಿಸುರುಳಿಗಳು ಒಂದೊಂದಾಗಿ ಮೂಕವಾಗುತ್ತಿವೆ. ಈ ವಿಪರ್ಯಾಸದ ಹಿಂದೆ ಸಾರ್ವಜನಿಕ ನೀತಿಯ ಪ್ರಶ್ನೆಯೊಂದು ಅಡಗಿದೆ ಎಂದು ನನಗನ್ನಿಸುತ್ತದೆ.

ವರ್ಷಾಂತ್ಯದ ಸಂಗೀತದ ಪಟ್ಟಿ ನಮಗೆ ಹೊಸದೇನಲ್ಲ. 1952ರಲ್ಲಿ ಆಕಾಶವಾಣಿಯು ಚಿತ್ರಗೀತೆಗಳಿಗೆ ಬಾಗಿಲು ಮುಚ್ಚತೊಡಗಿದಾಗ ರೇಡಿಯೋ ಸಿಲೋನ್ ಆ ಅವಕಾಶವನ್ನು ಬಳಸಿಕೊಂಡಿತು. ಅದೇ ವರ್ಷ ಆರಂಭವಾದ 'ಬಿನಾಕಾ ಗೀತಮಾಲಾ' ಕಾರ್ಯಕ್ರಮದಲ್ಲಿ ಅಮೀನ್ ಸಯಾನಿಯವರು ವರ್ಷದ ಕೊನೆಗೆ ಹಾಡುಗಳ ಶ್ರೇಯಾಂಕವನ್ನು ಪ್ರಕಟಿಸುವುದು ಒಂದು ರಾಷ್ಟ್ರೀಯ ಘಟನೆಯೇ ಆಗಿತ್ತು. ನಾವು ಹುಡುಗರಿದ್ದಾಗ ಬುಧವಾರ ರಾತ್ರಿ ಎಂಟು ಗಂಟೆಗೆ ಮನೆಯ ರೇಡಿಯೋದ ಮುಂದೆ ಕೂರುತ್ತಿದ್ದೆವು. ಹಿಂದಿ ಅಷ್ಟಕ್ಕಷ್ಟೇ ಅರ್ಥವಾಗುತ್ತಿದ್ದರೂ ಯಾವ ಹಾಡು ಮೇಲೇರಿತು, ಯಾವುದು ಕೆಳಗಿಳಿಯಿತು ಎಂಬ ಕುತೂಹಲಕ್ಕೆ ಭಾಷೆ ಅಡ್ಡಿಯಾಗುತ್ತಿರಲಿಲ್ಲ. ಆ ಶ್ರೇಯಾಂಕಕ್ಕೆ ಎರಡು ಆಧಾರಗಳಿದ್ದವು: ಅಂಗಡಿಗಳಲ್ಲಿ ಮಾರಾಟವಾದ ಧ್ವನಿಮುದ್ರಿಕೆಗಳು ಮತ್ತು ಶ್ರೋತೃ ಸಂಘಗಳು ಬರೆದು ಕಳುಹಿಸುತ್ತಿದ್ದ ಕೋರಿಕೆಗಳು. ಎಂದರೆ ಯಾರೋ ಒಬ್ಬರು ಹಣ ತೆತ್ತಿರಬೇಕಿತ್ತು, ಇಲ್ಲವೇ ಅಂಚೆ ಕಾರ್ಡಿಗಾದರೂ ಖರ್ಚು ಮಾಡಿರಬೇಕಿತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಅಭಿರುಚಿಯನ್ನು ಅಳೆಯಬೇಕಾದರೆ ಅದಕ್ಕಾಗಿ ಮನುಷ್ಯ ಏನನ್ನು ಬಿಟ್ಟುಕೊಟ್ಟ ಎಂಬುದನ್ನೇ ಮೊದಲು ನೋಡಬೇಕಾಗುತ್ತದೆ.

'ಆಲ್ಬಂ' ಎಂಬ ಮಾತಿನ ಇತಿಹಾಸವೂ ಸ್ವಾರಸ್ಯಕರವಾದುದು. ಮೂರು ನಾಲ್ಕು ನಿಮಿಷಕ್ಕೆ ಮುಗಿದುಹೋಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಜೋಡಿಸಿಡಲು ಪುಸ್ತಕದಂಥ ಹೊದಿಕೆಗಳಿರುತ್ತಿದ್ದವು. ಅವುಗಳಿಗೆ ಆಲ್ಬಂ ಎನ್ನುತ್ತಿದ್ದರು. 1948ರಲ್ಲಿ ಎಲ್.ಪಿ. ತಟ್ಟೆ ಬಂದ ಮೇಲೆ ಹೊದಿಕೆ ಹೋಗಿ ಹೆಸರು ಮಾತ್ರ ಉಳಿಯಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಪರಿಚಯಿಸಿದ ಕ್ಯಾಸೆಟ್ ನಮ್ಮ ದೇಶದಲ್ಲಿ ನಿಜವಾದ ಕ್ರಾಂತಿ ಮಾಡಿದ್ದು 1980ರ ದಶಕದಲ್ಲಿ. ಅಲ್ಲಿಯವರೆಗೆ ಧ್ವನಿಮುದ್ರಣವೆಂದರೆ ಬೃಹತ್ ಬಂಡವಾಳದ ಒಂದೆರಡು ಕಂಪನಿಗಳ ಸ್ವತ್ತಾಗಿತ್ತು. ಅಗ್ಗದ ಸುರುಳಿ ಬಂದೊಡನೆ ಪ್ರಾದೇಶಿಕ ಭಾಷೆಗಳ ಭಕ್ತಿಗೀತೆ, ಜನಪದ ಗೀತೆ, ಭಾವಗೀತೆಗಳಿಗೂ ಮಾರುಕಟ್ಟೆ ದೊರೆಯಿತು. ಕನ್ನಡದ ಮಟ್ಟಿಗೆ ಈ ಹಾದಿ ತೆರೆದದ್ದು 1978ರ 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ಇದನ್ನು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಗುರುತಿಸಲಾಗುತ್ತದೆ.

ನಾನು ಕೆಲಸ ಮಾಡಿದ ಮೂರು ಊರುಗಳು ಸಂಗೀತದ ದೃಷ್ಟಿಯಿಂದಲೂ ಒಂದು ಕೂಡುದಾರಿಯಲ್ಲಿದ್ದವು. ಬೆಂಗಳೂರಿನಿಂದ ಹೊರಟ ರೈಲು ಕಡೂರು ದಾಟಿ ಬೀರೂರು ಜಂಕ್ಷನ್ ಸೇರಿದರೆ ಹಳಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೆ. ಅಜ್ಜಂಪುರ ಈಗ ಸ್ವತಂತ್ರ ತಾಲೂಕು. ನಾನಿದ್ದಾಗ ಅದು ತರೀಕೆರೆ ತಾಲೂಕಿಗೆ ಸೇರಿದ ಹೋಬಳಿ. ಬೆಂಗಳೂರಿನಿಂದ ಚಿತ್ರಗೀತೆ, ಶಿವಮೊಗ್ಗದ ಕಡೆಯಿಂದ ಭಾವಗೀತೆ, ಹುಬ್ಬಳ್ಳಿ–ಧಾರವಾಡದ ಕಡೆಯಿಂದ ಹಿಂದೂಸ್ತಾನಿ ಗಾಯನ ಮತ್ತು ತತ್ವಪದ, ಹೀಗೆ ಮೂರು ದಿಕ್ಕಿನ ಸಂಗೀತ ಇಲ್ಲಿ ಸಂಧಿಸುತ್ತಿತ್ತು. 1965ರಿಂದ ಪ್ರಸಾರ ಮಾಡುತ್ತಿದ್ದ ಭದ್ರಾವತಿ ಆಕಾಶವಾಣಿ ಮೂರನ್ನೂ ಕೇಳಿಸುತ್ತಿತ್ತು. ಬೆಳಿಗ್ಗೆ ರೇಡಿಯೋದಲ್ಲಿ ಕೇಳಿದ ಹಾಡಿನ ಸುರುಳಿಯನ್ನು ಹುಡುಕಿಕೊಂಡು ಸಂಜೆ ಬಸ್ ನಿಲ್ದಾಣದ ಬಳಿಯ ಅಂಗಡಿಗೆ ಹೋಗುವುದು ನನ್ನಂಥವರ ದಿನಚರಿಯಾಗಿತ್ತು.

ತಿಂಗಳ ಸಂಬಳದಲ್ಲಿ ಮನೆ ಬಾಡಿಗೆ, ದಿನಸಿ, ಊರಿಗೆ ಕಳುಹಿಸುವ ಹಣ ಕಳೆದು ಉಳಿದುದರಲ್ಲಿ ಒಂದು, ಹೆಚ್ಚೆಂದರೆ ಎರಡು ಸುರುಳಿ ಕೊಳ್ಳಬಹುದಿತ್ತು. ಆದ್ದರಿಂದ ಕೊಳ್ಳುವ ಮೊದಲು ಯೋಚನೆ, ಕೊಂಡ ಮೇಲೆ ಪೂರ್ಣ ಆಲಿಕೆ. ಅರವತ್ತು ನಿಮಿಷದ ಸುರುಳಿಯಲ್ಲಿ ಬದಿಗೆ ಮೂವತ್ತು ನಿಮಿಷ; ಮೊದಲ ಬದಿ ಮುಗಿದರೆ ಎದ್ದು ತಿರುವಿ ಹಾಕಬೇಕು. ಇಷ್ಟವಿಲ್ಲದ ಹಾಡನ್ನು ದಾಟಿಸುವುದು ತ್ರಾಸದ ಕೆಲಸವಾದ್ದರಿಂದ ಅದನ್ನೂ ಕೇಳುತ್ತಿದ್ದೆವು. ಹಾಗೆ ಕೇಳುತ್ತ ಕೇಳುತ್ತ ಅದೇ ಇಷ್ಟವಾದ ಉದಾಹರಣೆಗಳು ಎಷ್ಟೋ. ಡಬ್ಬಿಯೊಳಗಿನ ಮಡಿಕೆ ಕಾಗದದಲ್ಲಿ ಕವಿ, ಸಂಯೋಜಕ, ಗಾಯಕರ ಜೊತೆಗೆ ತಬಲಾ, ಕೊಳಲು, ಪಿಟೀಲು ನುಡಿಸಿದವರ ಹೆಸರುಗಳೂ ಇರುತ್ತಿದ್ದವು. ಕವಿಯ ಹೆಸರು ನೋಡಿ ಗ್ರಂಥಾಲಯಕ್ಕೆ ಹೋಗಿ ಸಂಕಲನ ಹುಡುಕಿದವರನ್ನು ನಾನು ಬಲ್ಲೆ.

ತರೀಕೆರೆಯ ಒಬ್ಬ ಅಂಗಡಿಯವರು ಪ್ರತಿ ವರ್ಷದ ಕೊನೆಗೆ ತಪ್ಪದೆ ಕೇಳುತ್ತಿದ್ದರು: "ಸಾರ್, ನಿಮ್ಮ ಲೆಕ್ಕದಲ್ಲಿ ಈ ಸಲ ಮೊದಲನೇದು ಯಾವ್ದು?" ನಾನು ಹೇಳಿದ್ದನ್ನು ಗಲ್ಲಾಪೆಟ್ಟಿಗೆಯ ಮೇಲಿನ ಬರಹಪುಸ್ತಕದಲ್ಲಿ ಗುರುತು ಹಾಕಿಕೊಂಡು, ಮುಂದಿನ ಬಾರಿ ಬೆಂಗಳೂರಿನಿಂದ ಅದನ್ನೇ ನಾಲ್ಕು ಹೆಚ್ಚಿಗೆ ತರಿಸುತ್ತಿದ್ದರು. 1987ರಲ್ಲಿ 'ಪ್ರೇಮಲೋಕ'ದ ಹಾಡುಗಳು ಇಡೀ ಬಸ್ ನಿಲ್ದಾಣವನ್ನು ಆವರಿಸಿದ್ದಾಗಲೂ ಅವರ ಅಂಗಡಿಯ ಒಂದು ಮೂಲೆಯಲ್ಲಿ ಭಾವಗೀತೆಗಳಿಗೆ ಜಾಗವಿತ್ತು. ಒಬ್ಬ ಗಿರಾಕಿಯ ಪಟ್ಟಿಗೆ ಬೆಲೆ ಇದ್ದ ಮಾರುಕಟ್ಟೆ ಅದು.

ಈಗಿನ ಪರಿಸ್ಥಿತಿ ಬೇರೆ. ಕಡೂರಿನ ಹುಡುಗನ ಕೈಯಲ್ಲಿರುವ ಮೊಬೈಲಿನಲ್ಲಿ ಲೋಕದ ಸಂಗೀತವೆಲ್ಲ ತುಂಬಿದೆ. ಇದು ದೊಡ್ಡ ಲಾಭ. ಇದನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಮಾಹಿತಿ ಹೇರಳವಾದಾಗ ಗಮನ ದುರ್ಲಭವಾಗುತ್ತದೆಂದು ಹರ್ಬರ್ಟ್ ಸೈಮನ್ 1971ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಇಂದು ಶ್ರೇಯಾಂಕ ನಿರ್ಧಾರವಾಗುವುದು ಬೆರಳಿನ ಒತ್ತುವಿಕೆಗಳಿಂದ. ಬಹುತೇಕ ಸೇವೆಗಳಲ್ಲಿ ನಾನು ಕಟ್ಟುವ ಚಂದಾ ಹಣ ನಾನು ಕೇಳಿದ ಗಾಯಕನಿಗೇ ಹೋಗುವುದಿಲ್ಲ. ಎಲ್ಲರ ಚಂದಾ ಒಂದೇ ನಿಧಿಯಲ್ಲಿ ಸೇರಿ, ಒಟ್ಟು ಆಲಿಕೆಯ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ತಿಂಗಳಿಡೀ ಭಾವಗೀತೆಯನ್ನೇ ಕೇಳಿದವನ ಹಣದ ಬಹುಪಾಲು ಅವನು ಎಂದೂ ಕೇಳದ ಹಾಡಿಗೆ ಸಲ್ಲುತ್ತದೆ. ತರೀಕೆರೆಯ ಅಂಗಡಿಯಲ್ಲಿ ನನ್ನ ಒಂದು ಖರೀದಿಗೆ ಇದ್ದ ಸ್ಪಷ್ಟತೆ ಈ ವ್ಯವಸ್ಥೆಯಲ್ಲಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯು ಗೀತರಚನಕಾರರಿಗೂ ಸಂಯೋಜಕರಿಗೂ ಬಿಟ್ಟುಕೊಡಲಾಗದ ರಾಯಧನದ ಹಕ್ಕನ್ನು ನೀಡಿತು. ಅದು ಸ್ವಾಗತಾರ್ಹವೇ. ಆದರೆ ಹಂಚಬೇಕಾದ ಪಾಲೇ ಕಿರಿದಾದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಇಷ್ಟಾದರೂ ನನ್ನ ಈ ವರ್ಷದ ಪಟ್ಟಿ ಸಿದ್ಧವಿದೆ. ನಿಯಮವನ್ನು ಮಾತ್ರ ಬದಲಿಸಿದ್ದೇನೆ: ಬಿಡುಗಡೆಯ ವರ್ಷ ಯಾವುದೇ ಇರಲಿ, ಈ ವರ್ಷ ಆದ್ಯಂತವಾಗಿ, ಕ್ರಮ ತಪ್ಪಿಸದೆ ಕೇಳಿದ ಆಲ್ಬಂಗಳಿಗೆ ಮಾತ್ರ ಪ್ರವೇಶ.

ಮೊದಲನೆಯದು 'ನಿತ್ಯೋತ್ಸವ'. ನಾಡನ್ನು ಕುರಿತ ಹೆಮ್ಮೆ ಅಬ್ಬರವಿಲ್ಲದೆಯೂ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ನನಗೆ ಗೊತ್ತಿಲ್ಲ. ಎರಡನೆಯದು ಟಿ.ಎಸ್. ನಾಗಾಭರಣರ 1990ರ ಚಿತ್ರ 'ಸಂತ ಶಿಶುನಾಳ ಷರೀಫ'ದ ಹಾಡುಗಳು, ಸಿ. ಅಶ್ವತ್ಥ್ ಅವರ ಕಂಠದಲ್ಲಿ ತತ್ವಪದವು ಭಜನೆಯ ಅಂಗಳದಿಂದ ನೇರವಾಗಿ ನಮ್ಮ ನಡುಮನೆಗೆ ಬಂತು. ಮೂರನೆಯದು ಪಂಡಿತ ಭೀಮಸೇನ ಜೋಶಿಯವರ 'ದಾಸವಾಣಿ'. ಕರ್ನಾಟಕ ಸಂಗೀತದ ಚೌಕಟ್ಟಿನಲ್ಲಿ ಕೇಳಿ ಬೆಳೆದ ದಾಸರ ಪದಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಕೇಳಿದಾಗ ಪರಿಚಿತ ಪದಗಳಲ್ಲೇ ಹೊಸ ಅರ್ಥ ಹೊಳೆಯುತ್ತದೆ. ನಾಲ್ಕನೆಯದು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ. ಗಿಟಾರಿನ ಜೊತೆಗೆ ಷರೀಫರು ಮತ್ತೆ ಕಾಣಿಸಿಕೊಳ್ಳುತ್ತಾರೆ; ಎರಡನೆಯದರ ಬೆನ್ನಿಗೇ ಇದನ್ನು ಕೇಳಿದರೆ ಪರಂಪರೆ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ. ಐದನೆಯದು 2023ರಲ್ಲಿ ಎರಡು ಭಾಗಗಳಲ್ಲಿ ತೆರೆಕಂಡ ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರಕ್ಕೆ ಚರಣ್ ರಾಜ್ ನೀಡಿದ ಸಂಗೀತ. ಆ ಭಾಗಗಳಿಗೆ 'ಸೈಡ್ ಎ', 'ಸೈಡ್ ಬಿ' ಎಂದೇ ಹೆಸರು. ಸುರುಳಿಯನ್ನು ತಿರುವಿ ಹಾಕಿ ಅಭ್ಯಾಸವಿಲ್ಲದ ಪೀಳಿಗೆಗೂ, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ ಇದೆ ಎಂಬ ಕಲ್ಪನೆ ಅರ್ಥವಾಯಿತಲ್ಲ ಎಂಬುದು ನನ್ನ ಸಂತೋಷ.

ಈ ಐದರ ಕೆಳಗೆ ಆರನೆಯ ಸಾಲೊಂದನ್ನು ಪ್ರತಿ ವರ್ಷವೂ ಖಾಲಿ ಬಿಡುತ್ತೇನೆ. ಪಟ್ಟಿಗೆ ಸಿಗದವರ ನೆನಪಿಗಾಗಿ. ಕಡೂರಿನ ತಂಗಲಿ ತಾಂಡಾದ ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಜನಿಸಿದ ಕೆ. ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರಲ್ಲಿ ಕಲಿತು ಮೈಸೂರು ಆಸ್ಥಾನ ವಿದುಷಿಯಾದರು. 1992ರಲ್ಲಿ ಪದ್ಮಭೂಷಣ ಪಡೆದು, 2002ರಲ್ಲಿ ನಿಧನರಾದರು. ಈ ನೆಲ ನೀಡಿದ ಬಹು ದೊಡ್ಡ ಕಲಾವಿದೆ. ಆದರೆ ಸಾಹಿತ್ಯಕ್ಕೆ ತಕ್ಕಂತೆ ಮುಖದಲ್ಲಿ ಮೂಡುತ್ತಿದ್ದ ಅವರ ಅಭಿನಯವನ್ನು ಯಾವ ಸುರುಳಿ ಹಿಡಿದೀತು? ಜಾತ್ರೆಗಳಲ್ಲಿ ಕರಡೆಯ ಬಡಿತದ ನಡುವೆ ಒಡಪು ಹೇಳುವ ವೀರಗಾಸೆಯವರ ದನಿ, ತಾಂಡಾಗಳ ಹೆಣ್ಣುಮಕ್ಕಳ ದೀಪಾವಳಿಯ ಹಾಡು, ಇವೂ ಯಾರ ವರ್ಷಾಂತ್ಯದ ಪಟ್ಟಿಗೂ ಬರುವುದಿಲ್ಲ. ದಾಖಲಾದದ್ದನ್ನು ಮಾತ್ರ ಎಣಿಸುವುದು ಎಲ್ಲ ಲೆಕ್ಕಗಳ ಮಿತಿ. ದಾಖಲಾದದ್ದನ್ನೂ ಕಳೆದುಕೊಂಡರೆ ಅದು ನಿರ್ಲಕ್ಷ್ಯ.

ಹಾಗೆ ಕಳೆದುಕೊಳ್ಳುವ ಪ್ರಕ್ರಿಯೆ ನಮ್ಮ ಮನೆಗಳಲ್ಲೇ ನಡೆದಿದೆ. ಸುರುಳಿಯ ಪಟ್ಟಿಯ ಮೇಲೆ ಅಂಟಿನೊಡನೆ ಲೇಪಿಸಿದ ಕಬ್ಬಿಣದ ಆಕ್ಸೈಡ್ ಪುಡಿಯಲ್ಲಿ ಧ್ವನಿ ಕಾಂತೀಯ ರೂಪದಲ್ಲಿ ಉಳಿದಿರುತ್ತದೆ. ತೇವ ತಗುಲಿದರೆ ಅಂಟು ಸಡಿಲಗೊಂಡು ಲೇಪ ಉದುರುತ್ತದೆ, ಬೂಸಲು ಹಿಡಿಯುತ್ತದೆ. ಮಲೆನಾಡಿನ ಸೆರಗಿನ ತರೀಕೆರೆಯ ಮಳೆಗಾಲಕ್ಕೆ ಇದೇನೂ ಕಷ್ಟವಲ್ಲ. ನನ್ನ ಬಳಿ ಇರುವ ಇನ್ನೂರಕ್ಕೂ ಹೆಚ್ಚು ಸುರುಳಿಗಳಲ್ಲಿ ಹಲವು ಈಗಾಗಲೇ ನುಡಿಯುತ್ತಿಲ್ಲ. ಜನಪ್ರಿಯವಾದವು ಅಂತರಜಾಲದಲ್ಲಿ ದೊರೆಯುತ್ತವೆ, ನಿಜ. ಸಣ್ಣ ಸಂಸ್ಥೆಗಳು ಹೊರತಂದ, ಒಂದೇ ಬಾರಿ ಅಚ್ಚಾದ ಜನಪದ ಗೀತೆ, ತತ್ವಪದಗಳ ಸುರುಳಿಗಳಿಗೆ ಆ ಭಾಗ್ಯವಿಲ್ಲ.

ಇಲ್ಲಿ ಕಾನೂನಿನ ಒಂದು ಕೊರತೆಯನ್ನೂ ಒಂದು ಅವಕಾಶವನ್ನೂ ಗಮನಿಸಬೇಕು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ದೇಶದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಪ್ರತಿಯೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಾಲ್ಕು ಗ್ರಂಥಾಲಯಗಳನ್ನು ತಲುಪಬೇಕು. ಧ್ವನಿಮುದ್ರಿಕೆಗಳು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಇದು ಕೊರತೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೆ 2012ರಲ್ಲಿ ಸೇರಿಸಿದ ಉಪಬಂಧವೊಂದು, ವಾಣಿಜ್ಯೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಬಳಿ ಮೂಲ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಸಂಗ್ರಹಿಸಲು ಅನುಮತಿ ನೀಡುತ್ತದೆ. ಇದು ಅವಕಾಶ. ನಾಗರಿಕರು ತಮ್ಮ ಸುರುಳಿಗಳನ್ನು ತಾಲೂಕಿನ ಗ್ರಂಥಾಲಯಕ್ಕೆ ದಾನ ಮಾಡಿದರೆ ಮೂಲ ಪ್ರತಿ ಗ್ರಂಥಾಲಯದ್ದಾಗುತ್ತದೆ. ಅದನ್ನು ಉಳಿಸಿಕೊಳ್ಳುವ ಕಾನೂನುಬದ್ಧ ದಾರಿ ತೆರೆಯುತ್ತದೆ.

ಹಣದ ಪ್ರಶ್ನೆ ಎತ್ತುವವರಿಗೆ ನನ್ನ ಉತ್ತರ ಸರಳ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಿಂದ ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಸುಸ್ಥಿತಿಯ ಒಂದು ಟೇಪ್ ರೆಕಾರ್ಡರ್, ಒಂದು ಕಂಪ್ಯೂಟರ್, ತೇವ ತಾಗದ ಒಂದು ಕಪಾಟು, ನಾಲ್ಕು ಹೆಡ್‌ಫೋನ್, ವಾರದಲ್ಲಿ ಎರಡು ದಿನ ಕೆಲಸ ಮಾಡುವ ಒಬ್ಬ ತರುಣ ಅಥವಾ ತರುಣಿ: ಒಂದು ತಾಲೂಕಿಗೆ ಬೇಕಾದುದು ಇಷ್ಟೇ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಬಹುದು. ಮಡಿಕೆ ಕಾಗದದಲ್ಲಿರುವ ಕವಿ, ವಾದ್ಯಗಾರರ ಹೆಸರುಗಳನ್ನೂ ನಮೂದಿಸಿದ ಸೂಚಿಯೊಂದು ಸಿದ್ಧವಾದರೆ, ಅಂತರಜಾಲದಲ್ಲಿ ಅನೇಕ ವೇಳೆ ಕಾಣೆಯಾಗುವ ಆ ಹೆಸರುಗಳು ಒಂದೆಡೆಯಾದರೂ ಉಳಿಯುತ್ತವೆ. ಅದೇ ಯಂತ್ರದಲ್ಲಿ ವೀರಗಾಸೆಯವರ ಒಡಪನ್ನೂ, ತಾಂಡಾದ ಹಾಡನ್ನೂ ಅವರ ಒಪ್ಪಿಗೆ ಪಡೆದು, ಗೌರವಧನ ಕೊಟ್ಟು ಮುದ್ರಿಸಿಕೊಳ್ಳಬಹುದು.

ಓದುಗರಲ್ಲಿ ಒಂದು ವಿನಂತಿ. ಈ ವರ್ಷಾಂತ್ಯಕ್ಕೆ ನೀವೂ ಒಂದು ಪಟ್ಟಿ ಮಾಡಿ. ಹತ್ತು ಬೇಡ, ಮೂರು ಸಾಕು. ಆದರೆ ಮೊದಲಿನಿಂದ ಕೊನೆಯವರೆಗೆ ಕೇಳಿ ಮಾಡಿ. ಬಳಿಕ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸಿ ನೋಡಿ. ಅದರಲ್ಲಿರುವ ಒಂದು ಸುರುಳಿ ಇಡೀ ಜಿಲ್ಲೆಯಲ್ಲಿ ಉಳಿದಿರುವ ಏಕೈಕ ಪ್ರತಿಯಾಗಿರಬಹುದು.