ಕೈ ಸೋತಾಗ ಹುಟ್ಟಿದ ಕೀ: ವೈಬ್ರೊಪ್ಲೆಕ್ಸ್ ಮತ್ತು ಅದರ ಬಗೆಗಳು

ತಂತಿ ಸಂದೇಶದ ಕಾಲದಿಂದ ಉಳಿದುಬಂದ ಉಪಕರಣಗಳ ಪೈಕಿ ಸಂಗ್ರಾಹಕರು ಹೆಚ್ಚು ಆಸೆಪಟ್ಟು ಹುಡುಕುವುದು ಮೋರ್ಸ್ ಕೀಗಳನ್ನು, ಎಂದರೆ ವಿದ್ಯುತ್ ಮಂಡಲವನ್ನು ಕೈಯಿಂದಲೇ ಕೂಡಿಸಿ ಬಿಡಿಸಿ ಚುಕ್ಕೆ ಗೆರೆಗಳನ್ನು ಕಳಿಸುವ ಪುಟ್ಟ ಸನ್ನೆಕೋಲುಗಳನ್ನು. ಅವುಗಳಲ್ಲಿಯೂ ಅಮೆರಿಕದ ವೈಬ್ರೊಪ್ಲೆಕ್ಸ್ ಕೀಗಳಿಗೆ ಪ್ರತ್ಯೇಕವಾದ ಮರ್ಯಾದೆಯಿದೆ. ತಂತಿ ನೌಕರರ ಕೈನೋವು, ಪೇಟೆಂಟಿನ ಜಗಳ, ತಂತಿಯಿಂದ ರೇಡಿಯೊಗೆ ಆದ ಸ್ಥಿತ್ಯಂತರ ಮತ್ತು ಮಹಾಯುದ್ಧದ ಬೇಡಿಕೆ ಇವೆಲ್ಲವೂ ಅವುಗಳ ಆಕಾರದಲ್ಲಿ ಗುರುತು ಬಿಟ್ಟಿರುವುದೇ ಅದಕ್ಕೆ ಕಾರಣ.

1844ರ ಮೇ 24ರಂದು ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಸ್ಯಾಮ್ಯುಯೆಲ್ ಮೋರ್ಸ್‌ನ ತಂತಿ ಮಾರ್ಗ ಔಪಚಾರಿಕವಾಗಿ ಆರಂಭವಾದಾಗ, ಅವನ ಸಹವರ್ತಿ ಆಲ್ಫ್ರೆಡ್ ವೇಲ್ ರೂಪಿಸಿದ ಕೀ ಲೋಹದ ಒಂದು ಸ್ಪ್ರಿಂಗ್ ಪಟ್ಟಿಗಿಂತ ಹೆಚ್ಚಿನದೇನೂ ಆಗಿರಲಿಲ್ಲ. ಮುಂದಿನ ದಶಕಗಳಲ್ಲಿ ಸನ್ನೆಕೋಲಿಗೆ ಒಂಟೆಯ ಬೆನ್ನಿನಂಥ ಗೂನು ಬಂದು ಹೋಯಿತು. 1881ರಲ್ಲಿ ಜೇಮ್ಸ್ ಬನೆಲ್ ಪೇಟೆಂಟ್ ಪಡೆದ ಉಕ್ಕಿನ ಕೀಯಲ್ಲಿ ಸನ್ನೆಕೋಲೂ ಅದರ ಅಡ್ಡ ಅಚ್ಚೂ ಒಂದೇ ತುಂಡಾದವು. ಅದಕ್ಕೆ ಮೊದಲು ಹಿತ್ತಾಳೆಯ ಸನ್ನೆಕೋಲಿಗೆ ಉಕ್ಕಿನ ಅಚ್ಚನ್ನು ಬೇರೆಯಾಗಿ ತೊಡಿಸುತ್ತಿದ್ದರಿಂದ ದಿನವಿಡೀ ಬಡಿತ ತಿಂದ ಕೀ ಸಡಿಲಾಗುತ್ತಿತ್ತು. ಅಮೆರಿಕದ ಕೀಗಳ ಪಕ್ಕದಲ್ಲಿ ಕಾಣುವ ಚಿಕ್ಕ ಸ್ವಿಚ್ಚಿಗೂ ಅರ್ಥವಿದೆ. ಅಲ್ಲಿನ ತಂತಿ ಮಾರ್ಗದಲ್ಲಿ ಯಾರೂ ಸಂದೇಶ ಕಳಿಸದಿರುವಾಗಲೂ ವಿದ್ಯುತ್ ಹರಿಯುತ್ತಲೇ ಇರಬೇಕಾದ್ದರಿಂದ, ತನ್ನ ಸಂದೇಶ ಮುಗಿಸಿದ ನೌಕರನು ಆ ಸ್ವಿಚ್ಚನ್ನು ಮುಚ್ಚಿ ಮಂಡಲವನ್ನು ಕೂಡಿಸದಿದ್ದರೆ ಇಡೀ ಮಾರ್ಗವೇ ಮೂಕವಾಗುತ್ತಿತ್ತು.

ಬನೆಲ್‌ನ ಕೀ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಒತ್ತುವ ಕೈ ಅಷ್ಟು ಗಟ್ಟಿಯಾಗಿರಲಿಲ್ಲ. ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸಿ ದಿನಕ್ಕೆ ಸಾವಿರಾರು ಚುಕ್ಕೆಗಳನ್ನು ಬಡಿಯುತ್ತಿದ್ದ ನೌಕರರಲ್ಲಿ ಅನೇಕರಿಗೆ ಬೆರಳು ಮತ್ತು ತೋಳುಗಳು ಸೆಡೆತು, ಹಿಡಿತ ತಪ್ಪುವ ವ್ಯಾಧಿ ಅಂಟಿಕೊಳ್ಳುತ್ತಿತ್ತು. ಅವರ ಮಾತಿನಲ್ಲಿ ಅದು ‘ಗಾಜಿನ ತೋಳು’. ಕೆಲಸವನ್ನೇ ಕಸಿಯಬಲ್ಲ ಈ ಬಾಧೆಗೆ ಪರಿಹಾರವಾಗಿ ಬನೆಲ್ ಕಂಪನಿ 1888ರಲ್ಲಿ ಪಕ್ಕಕ್ಕೆ ಆಡಿಸುವ ಕೀಯೊಂದನ್ನು ತಂದಿತಾದರೂ ಅದರಲ್ಲಿಯೂ ಪ್ರತಿಯೊಂದು ಚುಕ್ಕೆಯನ್ನು ಕೈಯೇ ಮಾಡಬೇಕಾಗಿತ್ತು. ನಿಜವಾದ ಬಿಡುಗಡೆ ಬಂದದ್ದು ಸಂಶೋಧಕ ಹೊರೇಸ್ ಮಾರ್ಟಿನ್‌ನಿಂದ. ಅವನ ಮೊದಲ ಯಂತ್ರವಾದ ಆಟೊಪ್ಲೆಕ್ಸ್‌ಗೆ ವಿದ್ಯುತ್ಕಾಂತವೂ ಅದಕ್ಕೊಂದು ಬ್ಯಾಟರಿಯೂ ಬೇಕಾಗಿದ್ದವು. 1904ರಲ್ಲಿ ಪೇಟೆಂಟ್ ಆದ ವೈಬ್ರೊಪ್ಲೆಕ್ಸ್‌ನಲ್ಲಿ ಅವನು ಅವೆರಡನ್ನೂ ಕಿತ್ತುಹಾಕಿದನು.

ಈ ಕೀಯ ಜಾಣ್ಮೆಯಿರುವುದು ಅಡ್ಡಲಾಗಿ ಚಾಚಿದ ಒಂದು ಸರಳಿನಲ್ಲಿ. ಬಲಗೈ ಹೆಬ್ಬೆರಳಿನಿಂದ ಹಿಡಿಯನ್ನು ಬಲಕ್ಕೆ ತಳ್ಳಿದಾಗ, ತೆಳುವಾದ ಉಕ್ಕಿನ ಸ್ಪ್ರಿಂಗಿನಿಂದ ಜೋಡಿಸಿದ ಆ ಸರಳು ತಾನಾಗಿ ಅದುರತೊಡಗಿ, ಒಂದೊಂದು ಅದುರಿಗೂ ಒಂದೊಂದು ಚುಕ್ಕೆಯನ್ನು ಸಾಲಾಗಿ ಕಳಿಸುತ್ತದೆ. ಗೆರೆಗಳನ್ನು ಮಾತ್ರ ತೋರುಬೆರಳು ಹಿಡಿಯನ್ನು ಎಡಕ್ಕೆ ಒತ್ತಿ ಒಂದೊಂದಾಗಿ ಮಾಡಬೇಕು. ಹಿಡಿಯನ್ನು ಬಿಟ್ಟೊಡನೆ ಹಿಂದಿರುವ ತಡೆಗಾಲಿಗೆ ತಗುಲಿ ಸರಳು ನಿಲ್ಲುತ್ತದೆ. ಸರಳಿನ ಮೇಲಿನ ತೂಕದ ಗುಂಡನ್ನು ಹಿಂದೆ ಮುಂದೆ ಜರುಗಿಸಿದರೆ ಚುಕ್ಕೆಗಳ ವೇಗ ಬದಲಾಗುತ್ತದೆ. ನೌಕರರು ‘ಬಗ್’ ಎಂದು ಕರೆದ ಈ ಯಂತ್ರ ಕಚೇರಿಯ ಸೊತ್ತಾಗಿರದೆ ಬಹುಮಟ್ಟಿಗೆ ಅವರವರ ಸ್ವಂತದ್ದಾಗಿತ್ತು. ಪೆಟ್ಟಿಗೆಯಲ್ಲಿಟ್ಟು ತಂದು, ವೈರಿನ ತುದಿಯ ಲೋಹದ ಬಿಲ್ಲೆಯನ್ನು ಕಚೇರಿಯ ಹಳೆಯ ಕೀಯ ಸಂಪರ್ಕದಲ್ಲಿ ತೂರಿಸಿ ಕೆಲಸಕ್ಕೆ ಕೂರುತ್ತಿದ್ದರು. ಇಂದು ಆ ಪೆಟ್ಟಿಗೆ, ವೈರು ಮತ್ತು ಬಿಲ್ಲೆಗಳು ಕೂಡಿ ಸಿಕ್ಕರೆ ಸಂಗ್ರಾಹಕನ ಭಾಗ್ಯ.

ಬೇಡಿಕೆ ಹೆಚ್ಚಿದಂತೆ ನಕಲುಗಳೂ ಪೈಪೋಟಿಯ ಕೀಗಳೂ ಹುಟ್ಟಿದವು. ಪೇಟೆಂಟನ್ನು ಮೀರಿದ ಬಗ್‌ಗಳನ್ನು ಇಟ್ಟುಕೊಂಡವರಿಂದ ವೈಬ್ರೊಪ್ಲೆಕ್ಸ್ ಕಂಪನಿ ಶುಲ್ಕ ಪಡೆದು, ಕೀಗೆ ಅಂಟಿಸಲು ಪರವಾನಗಿಯ ಚಿಕ್ಕ ಲೋಹದ ಫಲಕ ಕೊಡುತ್ತಿತ್ತು. ಆಗ ದಂಡದ ಗುರುತಾಗಿದ್ದ ಆ ಫಲಕವೇ ಈಗ ಕೀಯ ಬೆಲೆ ಏರಿಸುತ್ತದೆ ಎಂಬುದು ಸಂಗ್ರಹಲೋಕದ ವಿನೋದಗಳಲ್ಲೊಂದು. ಕಂಪನಿಯ ಸ್ವಂತ ಮಾದರಿಗಳೂ ಕಡಿಮೆಯೇನಲ್ಲ. ಚುಕ್ಕೆಗೂ ಗೆರೆಗೂ ಬೇರೆ ಬೇರೆ ಸನ್ನೆಕೋಲುಗಳಿದ್ದ ‘ಡಬಲ್ ಲಿವರ್’, ಎರಡಕ್ಕೂ ಒಂದೇ ಸಂಪರ್ಕಬಿಂದುವನ್ನು ಬಳಸುವ ‘ಮಾಡೆಲ್ ಎಕ್ಸ್’, ಮುಂದೆ ‘ಬ್ಲೂ ರೇಸರ್’ ಎಂದು ಹೆಸರಾದ ನಾಲ್ಕನೆಯ ನಂಬರಿನ ಮಾದರಿ, ಸರಳನ್ನು ನೆಟ್ಟಗೆ ನಿಲ್ಲಿಸಿದ ‘ಅಪ್‌ರೈಟ್’, ಅಗ್ಗದ ‘ಲೈಟ್ನಿಂಗ್ ಬಗ್’ ಇವುಗಳಲ್ಲಿ ಮುಖ್ಯವಾದವು. ಹೆಚ್ಚು ಗಮನ ಸಲ್ಲಬೇಕಾದದ್ದು ನೋಡಲು ಸಾಧಾರಣವಾದ ‘ಚಾಂಪಿಯನ್’ ಮಾದರಿಗೆ. ಮಂಡಲವನ್ನು ಮುಚ್ಚುವ ಆ ಹಳೆಯ ಸ್ವಿಚ್ಚು ಅದರಲ್ಲಿಲ್ಲ, ಏಕೆಂದರೆ ಅದನ್ನು ಕೊಳ್ಳುವವರು ತಂತಿ ಕಚೇರಿಯವರಲ್ಲ, ‘ಹ್ಯಾಮ್’ ಎಂದು ಕರೆಸಿಕೊಳ್ಳುವ ಹವ್ಯಾಸಿ ರೇಡಿಯೊ ಬಳಕೆದಾರರು ಎಂದು ಕಂಪನಿಗೆ ಗೊತ್ತಾಗಿತ್ತು. ಕಾಲ ಗುರುತಿಸಲು ಫಲಕದ ಮೇಲಿನ ಕ್ರಮಸಂಖ್ಯೆಯೂ ವಿಳಾಸವೂ ನೆರವಾಗುತ್ತವೆ: ನ್ಯೂಯಾರ್ಕಿನ 825 ಬ್ರಾಡ್‌ವೇ ಎಂದಿದ್ದರೆ, ಅದು 833 ಬ್ರಾಡ್‌ವೇ ಎಂದಿರುವುದಕ್ಕಿಂತ ಹಳೆಯದು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಗ್‌ಗೆ ಜೆ-36 ಎಂದೂ ಸಾಮಾನ್ಯ ಕೀಯೊಂದಕ್ಕೆ ಜೆ-38 ಎಂದೂ ಹೆಸರಿಟ್ಟು ಹಲವು ಕಾರ್ಖಾನೆಗಳಿಂದ ಮಾಡಿಸಿಕೊಂಡಿತು. ಆಟಿಕೆ ರೈಲುಗಳಿಗೆ ಪ್ರಸಿದ್ಧವಾದ ಲಯನೆಲ್ ಕಂಪನಿ ಇವೆರಡನ್ನೂ ತಯಾರಿಸಿತು. ಯುದ್ಧ ಮುಗಿದ ಮೇಲೆ ಉಳಿಕೆ ಮಾಲಾಗಿ ಅಗ್ಗಕ್ಕೆ ಬಿಕರಿಯಾದ ಜೆ-38 ಒಂದು ತಲೆಮಾರಿನ ಹ್ಯಾಮ್‌ಗಳಿಗೆ ಅಭ್ಯಾಸದ ಕೀ ಆಯಿತು.

ಸಂಗ್ರಾಹಕರಲ್ಲಿ ಇನ್ನೂ ಬಗೆಹರಿಯದಿರುವುದು ತಿದ್ದುಪಡಿಯ ಪ್ರಶ್ನೆ. ತಂತಿ ಕಚೇರಿಯ ವೇಗಕ್ಕೆ ಹೊಂದಿಸಿದ್ದ ಬಗ್ ಹೊಸ ಹ್ಯಾಮ್‌ನ ಕೈಗೆ ಬಂದಾಗ ಅತಿಚುರುಕೆನಿಸುತ್ತಿದ್ದರಿಂದ, ಸರಳನ್ನು ಉದ್ದ ಮಾಡಿ ಅಥವಾ ಇನ್ನೊಂದು ತೂಕ ಸೇರಿಸಿ ಚುಕ್ಕೆಗಳನ್ನು ನಿಧಾನಗೊಳಿಸುವ ರೂಢಿ ಬೆಳೆಯಿತು. ಹಳೆಯ ಕಪ್ಪು ಬಣ್ಣವನ್ನೂ ಅದರ ಅಂಚಿನ ಚಿನ್ನದ ಗೆರೆಯನ್ನೂ ಉಜ್ಜಿ ತೆಗೆದು ಹೊಳೆಯಿಸುವುದು ಹಾನಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಬಳಸುವವನೇ ಸೇರಿಸಿದ ತೂಕವನ್ನು ಕಳಚಿ, ಕೀಯನ್ನು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಒಯ್ಯುವವರು, ತಂತಿಗಾಗಿ ಹುಟ್ಟಿದ ಯಂತ್ರ ರೇಡಿಯೊಗೆ ಒಗ್ಗಿಕೊಂಡುದಕ್ಕೆ ಉಳಿದಿರುವ ಕಣ್ಣೆದುರಿನ ಸಾಕ್ಷ್ಯವನ್ನೂ ಅದರೊಂದಿಗೆ ಕಳಚುತ್ತಾರೆ.