ಕಂಪ್ಯೂಟರ್ ಇಲ್ಲದ ಡೀಸೆಲ್ ಪಿಕಪ್

ಅರಾದ್ ಕೋಟೆಯ ಕಡೆ ಹೋಗುವಾಗ ಟಕಟಕ ಸದ್ದು ಮಾಡುವ ಹಳೆಯ ಡೀಸೆಲ್ ಪಿಕಪ್ ಕಂಡರೆ ಸ್ವಲ್ಪ ಕಿವಿಗೊಡಿ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದರೆ ಅದು ವಿಪರೀತ ಕಾಯುತ್ತದೆ. ಅದರೊಳಕ್ಕೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಯಾವಾಗ, ಎಷ್ಟು ಚಿಮ್ಮಬೇಕು? ಇಂದು ಅದನ್ನು ಕಂಪ್ಯೂಟರ್ ಹೇಳುತ್ತದೆ. ಹಳೆಯ ಗಾಡಿಯಲ್ಲಿ ಇಂಜಿನ್ನೇ ತಿರುಗಿಸುವ ಪಂಪ್, ಅದರೊಳಗಿನ ಸ್ಪ್ರಿಂಗ್ ಮತ್ತು ವೇಗಕ್ಕೆ ತಕ್ಕಂತೆ ಅಗಲವಾಗುವ ಗವರ್ನರ್ ತೂಕಗಳು ಹೇಳುತ್ತವೆ.

ಜರ್ಮನಿಯ ಬಾಷ್ ಇಂಥ ಪಂಪನ್ನು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದನ್ನು ತಯಾರಿಸಿದ ಮೈಕೊ ಬಾಷ್‌ನದೇ ಬಳಗ. ಮೈಕೊ ಲೇಔಟ್ ಹೆಸರು ಬಂದದ್ದು ಅಲ್ಲಿಂದಲೇ.

ಶಕ್ತಿಯ ಮಾತು ಬಂದರೆ ನಮ್ಮ ಬಿಡದಿಯನ್ನೇ ನೋಡಿ. 2000ದಲ್ಲಿ ಬಂದ ಕ್ವಾಲಿಸ್‌ಗೆ ಹಳೆಯ ಹೈಲಕ್ಸ್ ಪಿಕಪ್ಪಿನ ವಂಶದ 2.4 ಲೀಟರ್ ಇಂಜಿನ್. ಸುಮಾರು 75 ಕುದುರೆಶಕ್ತಿ. 2005ರ ಇನ್ನೋವಾದ 2.5 ಲೀಟರ್ ಇಂಜಿನ್, ಟರ್ಬೊ ಮತ್ತು ಕಾಮನ್ ರೈಲ್ ಬಲದಿಂದ, 102 ಕೊಟ್ಟಿತು.

ಹಳೆಯದು ನಿಧಾನ, ಆದರೆ ಊರಿನ ಮೆಕ್ಯಾನಿಕ್ ಲ್ಯಾಪ್‌ಟಾಪ್ ಇಲ್ಲದೆ ರಿಪೇರಿ ಮಾಡಬಲ್ಲ. ಬೆಲೆ ತೆರುವುದು ನಮ್ಮ ಉಸಿರು: ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿತು. ಊರಲ್ಲಿ ಮಾವನ ಗಾಡಿ ಕಪ್ಪು ಹೊಗೆ ಉಗುಳುತ್ತಿದ್ದರೆ, "ಮಾವ, ಏರ್ ಫಿಲ್ಟರ್, ನಾಝಲ್, ಪಂಪ್ ಒಮ್ಮೆ ತೋರಿಸಿ" ಅನ್ನಿ. ಗಾಡಿಗೂ ಒಳ್ಳೆಯದು, ಮಾವನಿಗೂ.